ಇಬ್ಬರು, ಎರಡು ಬ್ಯಾಗು, ಒಂದು ಬಾಡಿಗೆ ಕಾರು: ಕಡಲಂಚಿನ 12 ದಿನಕ್ಕೆ ಲೆಕ್ಕ ಹೇಗೆ?

ಅಲೆಮಾರಿಜೋಡಿ:
ಗಂಡ ಹೆಂಡತಿ ಇಬ್ಬರೇ. 12 ದಿನ, ಕಡಲಂಚಿನ ರಸ್ತೆಯಲ್ಲಿ ಸುಮಾರು 1,300 ಕಿ.ಮೀ., ಬಾಡಿಗೆಯ ಸಣ್ಣ ಕಾರು. ಅರ್ಧದಷ್ಟು ರಾತ್ರಿ ಟೆಂಟ್, ಉಳಿದ ದಿನ ಹಾಸ್ಟೆಲ್. ನಡುವೆ ಎರಡು ಕಡೆ ಕಾರು ಬಿಟ್ಟು, ಬ್ಯಾಗು ಹೊತ್ತು, ರಸ್ತೆಯೇ ಇಲ್ಲದ ಬೀಚಿಗೆ ನಡೆದು ಒಂದೊಂದು ರಾತ್ರಿ ಉಳಿಯುವ ಯೋಚನೆ. ಒಬ್ಬರ ತೂಕ 74 ಕೆ.ಜಿ., ಇನ್ನೊಬ್ಬರದು 56. ಕೇಳಬೇಕಾದ್ದು ನಾಲ್ಕು: ದಿನಕ್ಕೆ ಎಷ್ಟು ದೂರ ಓಡಿಸಬಹುದು, ಯಾವ ತುದಿಯಿಂದ ಹೊರಡಬೇಕು, ಯಾರ ಬೆನ್ನಿಗೆ ಎಷ್ಟು ಭಾರ, ಮರಳಿನಲ್ಲಿ ಟೆಂಟ್ ನಿಲ್ಲುತ್ತದೆಯೇ. ಬೆಟ್ಟದ ಚಾರಣ ರೂಢಿ ಇದೆ, ಕಡಲು ಹೊಸದು.

ಹೇರ್‌ಪಿನ್:
1,300ನ್ನು 12ರಿಂದ ಭಾಗಿಸಿ ದಿನಕ್ಕೆ 108 ಎಂದುಕೊಂಡಿದ್ದರೆ ಆ ಲೆಕ್ಕ ಅಳಿಸಿಬಿಡಿ. ಎರಡು ನಡಿಗೆಗೆ ಎರಡು ದಿನ ಹೋಯಿತು. ಕೆಟ್ಟ ಹವೆಗೆ ಒಂದು ದಿನ ತೆಗೆದಿಡಿ. ಕಾರು ಪಡೆಯುವ ದಿನ, ಒಪ್ಪಿಸುವ ದಿನ ಅರ್ಧರ್ಧ ಕೈಬಿಡುತ್ತವೆ. ಉಳಿದದ್ದು 8 ದಿನ, ಅಂದರೆ ದಿನಕ್ಕೆ 160ಕ್ಕೂ ಮೇಲೆ.

ಹೆದ್ದಾರಿಯಲ್ಲಿ 160 ಏನೂ ಅಲ್ಲ. ಆದರೆ ಕಡಲಂಚಿನ ರಸ್ತೆ ಪ್ರತಿ ಕೊಲ್ಲಿಗೂ ಒಳಗೆ ಸುತ್ತುತ್ತದೆ, ಪ್ರತಿ ಭೂಶಿರವನ್ನೂ ಹೊರಗಿನಿಂದ ಬಳಸುತ್ತದೆ. ತಿರುವು, ಮುಂದೆ ಕ್ಯಾಂಪರ್ ವ್ಯಾನು, ಒಂಟಿ ಲೇನಿನ ಸೇತುವೆ ಎಲ್ಲ ಸೇರಿ ಸರಾಸರಿ ವೇಗ 40ರಿಂದ 45ಕ್ಕೆ ಇಳಿಯುತ್ತದೆ. 160 ಕಿ.ಮೀ. ಎಂದರೆ ನಾಲ್ಕು ಗಂಟೆ ಸ್ಟಿಯರಿಂಗ್. ನೋಡಲು ಎಂಟು ಕಡೆ ಇಪ್ಪತ್ತಿಪ್ಪತ್ತು ನಿಮಿಷ ನಿಂತರೆ ಇನ್ನೂ ಎರಡೂಮುಕ್ಕಾಲು ಗಂಟೆ. ಊಟ, ಪೆಟ್ರೋಲು, ಟೆಂಟ್ ಹಾಕುವುದು ಇದರ ಮೇಲೆ. 1,000 ಕಿ.ಮೀ.ಗೆ ಇಳಿಸಿದರೆ ದಿನಕ್ಕೆ 125. ಅದು ಹಿತವಾದ ಅಳತೆ. ಕಡಿತ ಮಾಡುವಾಗ ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಕತ್ತರಿಸಬೇಡಿ. ಒಂದು ತುದಿಯನ್ನೇ ಪೂರ್ತಿ ಬಿಟ್ಟುಬಿಡಿ.

ದಿಕ್ಕಿನ ವಿಷಯ. ಎಡಬದಿಯಲ್ಲಿ ಓಡಿಸುವ ದೇಶದಲ್ಲಿ ಕಡಲು ನಿಮ್ಮ ಎಡಕ್ಕಿರಬೇಕು, ಬಲಬದಿಯ ದೇಶದಲ್ಲಿ ಬಲಕ್ಕೆ. ನೋಟ ಚೆನ್ನಾಗಿ ಸಿಗುತ್ತದೆ ಎಂಬುದು ಎರಡನೆಯ ಮಾತು. ವಾಹನ ನಿಲ್ಲಿಸುವ ಜಾಗಗಳು ಹೆಚ್ಚಾಗಿ ಕಡಲ ಬದಿಗೇ ಇರುತ್ತವೆ. ಎದುರು ಲೇನನ್ನು ಅಡ್ಡ ಹಾಯದೆ ಒಳಗೆ ಹೋಗಿ ಹೊರಗೆ ಬರಬಹುದು. ಕುರುಡು ತಿರುವಿನ ಪಕ್ಕದಲ್ಲಿ ಅಡ್ಡ ಹಾಯುವುದೇ ಇಂಥ ರಸ್ತೆಯ ದೊಡ್ಡ ಅಪಾಯ. ಈ ಸೂತ್ರದ ಪ್ರಕಾರ ಆಸ್ಟ್ರೇಲಿಯಾದ ಗ್ರೇಟ್ ಓಷನ್ ರೋಡಿಗೆ ಟಾರ್ಕಿಯಿಂದ ಪಶ್ಚಿಮಕ್ಕೆ, ಕ್ಯಾಲಿಫೋರ್ನಿಯಾದ ಹೈವೇ 1ಕ್ಕೆ ಉತ್ತರದಿಂದ ದಕ್ಷಿಣಕ್ಕೆ, ಸ್ಕಾಟ್ಲೆಂಡಿನ ನಾರ್ತ್ ಕೋಸ್ಟ್ 500ಕ್ಕೆ ಗಡಿಯಾರದ ಮುಳ್ಳಿನಂತೆ, ಐಸ್‌ಲ್ಯಾಂಡಿನ ರಿಂಗ್ ರೋಡಿಗೆ ಮುಳ್ಳಿಗೆ ವಿರುದ್ಧವಾಗಿ.

ಬಿಸಿಲುಗುದುರೆ:
ಹೇರ್‌ಪಿನ್ ಹೇಳಿದ್ದು ಸರಿ, ಆದರೆ ಎರಡು ತಿದ್ದುಪಡಿ. ಆ ದಿಕ್ಕಿನಲ್ಲಿ ಹೋದರೆ ಪ್ರಪಾತದ ಅಂಚಿನಲ್ಲಿ ಕೂರುವುದು ಓಡಿಸುವವರಲ್ಲ, ಪಕ್ಕದವರು. ಎತ್ತರ ಕಂಡರೆ ತಲೆ ತಿರುಗುವವರು ಜೊತೆಗಿದ್ದರೆ ದಿಕ್ಕು ಬದಲಿಸುವುದೇ ಮೇಲು. ಹನ್ನೆರಡು ದಿನ ಕಣ್ಣು ಮುಚ್ಚಿ ಕೂರುವುದಕ್ಕೆ ಯಾರೂ ಪ್ರವಾಸ ಹೋಗುವುದಿಲ್ಲ. ಇನ್ನೊಂದು ಸೂರ್ಯ. ಪಶ್ಚಿಮಕ್ಕೆ ಹೋಗುವ ದಾರಿಯಾದರೆ ಸಂಜೆಯ ಕೊನೆಯ ಎರಡು ಗಂಟೆ ಬಿಸಿಲು ನೇರ ಕಣ್ಣಿಗೆ. ಗಾಜಿನ ಮೇಲೆ ಉಪ್ಪಿನ ಪದರ ಕೂತಿದ್ದರೆ ಮುಂದೇನಿದೆ ಎಂದೇ ಕಾಣದು. ದಿನಾ ಬೆಳಿಗ್ಗೆ ಗಾಜನ್ನು ಸಿಹಿನೀರಿನಿಂದ ತೊಳೆಯಿರಿ. ಒಣ ಬಟ್ಟೆಯಲ್ಲಿ ಒರೆಸಿದರೆ ಉಪ್ಪು, ಮರಳು ಎರಡೂ ಸೇರಿ ಗಾಜನ್ನು ಗೀರುತ್ತವೆ.

ಸ್ಟೆಪ್ನಿ:
ಕಾರಿನ ಕಡೆಯಿಂದ ನಾನು.

ಇಬ್ಬರ ಹೆಸರೂ ಬಾಡಿಗೆ ಕರಾರಿನಲ್ಲಿ ಇರಲಿ. ಹೆಸರಿಲ್ಲದವರು ಓಡಿಸುವಾಗ ಏನಾದರೂ ಆದರೆ ವಿಮೆ ಕೈ ಎತ್ತುತ್ತದೆ. ಎರಡು ಗಂಟೆಗೊಮ್ಮೆ ಚಾಲಕರು ಬದಲಾಗಿ. ಕರಾರಿನಲ್ಲಿ ಇನ್ನೂ ಮೂರು ಸಾಲು ಹುಡುಕಿ ಓದಿ: ಡಾಂಬರಿಲ್ಲದ ರಸ್ತೆ, ಕಾರಿನ ತಳಭಾಗ, ಟೈರು ಮತ್ತು ಗಾಜು. ಬಹುಪಾಲು ಕರಾರುಗಳು ಬೀಚಿನ ಮೇಲೆ ಓಡಿಸಿದ ಹಾನಿಯನ್ನು ವಿಮೆಯಿಂದ ಹೊರಗಿಡುತ್ತವೆ. ಹಾಗಾಗಿ ಮರಳಿಗೆ ಇಳಿಯಬೇಡಿ. ಪಾರ್ಕಿಂಗ್ ಜಾಗದಲ್ಲೇ ಮರಳು ತುಂಬಿ ಚಕ್ರ ಹೂತುಕೊಂಡರೆ ಮೊದಲು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಚಕ್ರ ತಿರುಗಿದಷ್ಟೂ ಗುಂಡಿ ಆಳವಾಗುತ್ತದೆ, ಕೊನೆಗೆ ಕಾರು ಹೊಟ್ಟೆಯ ಮೇಲೆ ಕೂರುತ್ತದೆ. ಚಕ್ರಗಳ ಹಿಂದೆ ಮುಂದೆ ಮರಳು ತೋಡಿ ಇಳಿಜಾರು ಮಾಡಿ. ಟೈರಿನ ಗಾಳಿಯನ್ನು 32ರಿಂದ 18 ಪಿಎಸ್‌ಐ ಹತ್ತಿರಕ್ಕೆ ಇಳಿಸಿ. ಬಂದ ಜಾಡಿನಲ್ಲೇ ಹಿಂದಕ್ಕೆ ನಿಧಾನವಾಗಿ ತೆಗೆಯಿರಿ. ಡಾಂಬರು ಮುಟ್ಟಿದ ಮೇಲೆ ಗಾಳಿ ತುಂಬದೆ ವೇಗ ಹಿಡಿಯಬೇಡಿ, ಟೈರು ಕಾದು ಪಕ್ಕ ಸೀಳುತ್ತದೆ. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ ಪುಟ್ಟ ಏರ್ ಪಂಪ್ ಮತ್ತು ಗೇಜು ಜೊತೆಗಿರಲಿ. ಆ ಸಾಕೆಟ್ ಕೆಲವು ಕಾರುಗಳಲ್ಲಿ ಕೀ ತೆಗೆದರೂ ಬದುಕಿರುತ್ತದೆ. ರಾತ್ರಿ ಇಡೀ ಚಾರ್ಜರ್ ಹಾಕಿಟ್ಟರೆ ಬೆಳಿಗ್ಗೆ ಕಾರು ಸ್ಟಾರ್ಟ್ ಆಗದು. ಮೊದಲ ದಿನವೇ ಪರೀಕ್ಷಿಸಿ.

ಭೂಶಿರದ ಮೇಲೆ ನಿಲ್ಲಿಸುವಾಗ ಕಾರಿನ ಮೂತಿ ಗಾಳಿಗೆ ಎದುರಾಗಿರಲಿ. ಹಿಂದಿನಿಂದ ಬೀಸುವ ಗಾಳಿ ತೆರೆದ ಬಾಗಿಲನ್ನು ಕಿತ್ತು ಮುಂದಕ್ಕೆ ಮಡಚುತ್ತದೆ, ಕೀಲೇ ಬಾಗುತ್ತದೆ. ಒಂದು ಸಲಕ್ಕೆ ಒಂದೇ ಬಾಗಿಲು ತೆರೆಯಿರಿ, ಕೈ ಬಿಡಬೇಡಿ.

ಟ್ಯಾಂಕು ಅರ್ಧವಾದಾಗ ತುಂಬಿಸಿ. ಇಳಿಜಾರಿನಲ್ಲಿ ಬ್ರೇಕ್ ತುಳಿಯುತ್ತಾ ಇಳಿಯದೆ ಗೇರ್ ಇಳಿಸಿ. ಹಿಂದೆ ಮೂರು ಗಾಡಿ ಸಾಲುಗಟ್ಟಿದರೆ ಪಕ್ಕಕ್ಕೆ ಸರಿದು ಬಿಟ್ಟುಕೊಡಿ. ಒಂಟಿ ಲೇನಿನ ರಸ್ತೆಗಳಲ್ಲಿ ದಾರಿ ಬಿಡಲು ಮಾಡಿದ ಉಬ್ಬುಜಾಗ ಫೋಟೋ ತೆಗೆಯಲು ನಿಲ್ಲಿಸುವ ಜಾಗವಲ್ಲ. ಕಡಲ ಮಂಜು ಕವಿದಾಗ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಲೋಬೀಮ್ ಸಾಕು.

ಹೇರ್‌ಪಿನ್:
ಸ್ಟೆಪ್ನಿ ಅವರ ಮಾತಿಗೆ ಒಂದು ಸೇರ್ಪಡೆ. ಪ್ರತಿ ದಿನದ ದಾರಿಗೂ ಒಳನಾಡಿಗೆ ತಪ್ಪಿಸಿಕೊಳ್ಳುವ ಒಂದು ಅಡ್ಡರಸ್ತೆ ಗುರುತು ಮಾಡಿಟ್ಟುಕೊಳ್ಳಿ. ಇಂಥ ರಸ್ತೆಗಳ ಬುಡವನ್ನು ಅಲೆ ತಿನ್ನುತ್ತಿರುತ್ತದೆ, ಮೇಲಿನ ಗುಡ್ಡ ಮಳೆಗೆ ಸಡಿಲವಾಗಿರುತ್ತದೆ. ಕ್ಯಾಲಿಫೋರ್ನಿಯಾದ ಬಿಗ್ ಸರ್‌ನಲ್ಲಿ 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್ ಬಳಿ ಗುಡ್ಡ ಕುಸಿದು ಹೈವೇ 1 ಮುಚ್ಚಿದ್ದು ಮತ್ತೆ ತೆರೆದದ್ದು 2018ರ ಜುಲೈಯಲ್ಲಿ. ಅಲ್ಲಿ ಪಕ್ಕದಲ್ಲೇ ಇನ್ನೊಂದು ರಸ್ತೆ ಇಲ್ಲ. ಬಳಸಿಕೊಂಡು ಹೋಗುವುದೆಂದರೆ ಗಂಟೆಗಟ್ಟಲೆ. ಹಿಂದಿನ ರಾತ್ರಿಯೇ ಆ ಪ್ರದೇಶದ ರಸ್ತೆ ಇಲಾಖೆಯ ಪ್ರಕಟಣೆ ನೋಡಿ. ಮ್ಯಾಪ್ ಆಪ್ ಒಂದನ್ನೇ ನೆಚ್ಚಿಕೊಂಡರೆ ಸಾಲದು.

ಅಳಿವೆ:
ಎಲ್ಲರೂ ರಸ್ತೆಯ ಬಗ್ಗೆಯೇ ಹೇಳುತ್ತಿದ್ದೀರಿ. ಬೆಟ್ಟ ಗೊತ್ತಿದ್ದವರಿಗೆ ಕಡಲಂಚಿನಲ್ಲಿ ಎಡವುವ ಜಾಗ ರಸ್ತೆ ಅಲ್ಲ, ಉಬ್ಬರ ಇಳಿತ. ಬೆಟ್ಟದ ದಾರಿ ಬೆಳಿಗ್ಗೆ ಇದ್ದಂತೆಯೇ ಸಂಜೆಯೂ ಇರುತ್ತದೆ. ಬೀಚಿನ ದಾರಿ ಆರು ಗಂಟೆಯಲ್ಲಿ ಮಾಯವಾಗುತ್ತದೆ.

ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಿಗ್ಗೆ 10ಕ್ಕೆ ಪೂರ್ತಿ ಇಳಿತವಾದರೆ ನಾಳೆ ಹಗಲಿನ ಇಳಿತ 10:50ರ ಸುಮಾರಿಗೆ. ಒಂದು ರಾತ್ರಿಯ ಬೀಚ್ ನಡಿಗೆಗೆ ಇದು ಹೇಳಿ ಮಾಡಿಸಿದ ಹಾಗಿದೆ: ಇವತ್ತಿನ ಇಳಿತದಲ್ಲಿ ಹೋಗಿ, ನಾಳೆ ಸುಮಾರು ಅದೇ ಹೊತ್ತಿನ ಇಳಿತದಲ್ಲಿ ವಾಪಸ್. ನಡುವಿನ ರಾತ್ರಿ 10:25ರ ಇಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಕತ್ತಲಲ್ಲಿ ಪಾಚಿ ಬಂಡೆಯ ಮೇಲೆ ಭಾರ ಹೊತ್ತು ನಡೆಯುವುದು ಬೇಡ. ದಿನಕ್ಕೆ ಒಂದೇ ಉಬ್ಬರ ಬರುವ ಕರಾವಳಿಗಳೂ ಇವೆ. ಆದ್ದರಿಂದ ನೀವು ಹೋಗುವ ಜಾಗಕ್ಕೆ ಹತ್ತಿರದ ಬಂದರಿನ ಪಟ್ಟಿಯನ್ನೇ ನೋಡಿ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶವಾದರೆ, ಪಟ್ಟಿ ಆ ಹೊಂದಾಣಿಕೆಯನ್ನು ಸೇರಿಸಿದೆಯೇ ಇಲ್ಲವೇ ಎಂದೂ ನೋಡಿ. ಒಂದು ಗಂಟೆಯ ತಪ್ಪು ಇಲ್ಲಿ ದುಬಾರಿ.

ಏಕೆ ದುಬಾರಿ ಎಂದರೆ ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿ: ಮೊದಲ ಗಂಟೆ ಒಂದು ಪಾಲು, ಎರಡನೆಯದು ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಐದರಲ್ಲಿ ಎರಡು, ಆರರಲ್ಲಿ ಒಂದು. ಉಬ್ಬರ ಇಳಿತದ ಅಂತರ 3 ಮೀಟರ್ ಇರುವ ಕಡೆ ಮೊದಲ ಗಂಟೆ 25 ಸೆಂ.ಮೀ. ಅಷ್ಟೇ ಏರುತ್ತದೆ. ಅದನ್ನು ನೋಡಿ ಇನ್ನೂ ಹೊತ್ತಿದೆ ಎನ್ನಿಸುತ್ತದೆ. ಮೂರನೆಯ ಗಂಟೆಯಲ್ಲಿ 75 ಸೆಂ.ಮೀ., ನಾಲ್ಕರಲ್ಲಿ ಮತ್ತೆ 75. ಕಡಲಿಗೆ ಚಾಚಿದ ಬಂಡೆಯ ಮೂಲೆ ಸುತ್ತುವಾಗ ಸಿಕ್ಕಿಬೀಳುವುದು ಈ ಎರಡು ಗಂಟೆಗಳಲ್ಲೇ. ಅದಕ್ಕೆ ನಿಯಮ: ನೀರು ಇಳಿಯುತ್ತಿರುವಾಗಲೇ ಹೊರಡಿ, ಪೂರ್ತಿ ಇಳಿತಕ್ಕೆ ಒಂದು ಗಂಟೆ ಮುಂಚೆ ಇಕ್ಕಟ್ಟಿನ ಮೂಲೆ ತಲುಪಿ. ಇಳಿತದ ಹೊತ್ತು ಮೀರಿ ಅರ್ಧ ಗಂಟೆಯಾದರೂ ಆ ಮೂಲೆ ಸಿಗದಿದ್ದರೆ ಹಿಂತಿರುಗಿ.

ಹುಣ್ಣಿಮೆ ಅಮಾವಾಸ್ಯೆಗಳ ಒಂದೆರಡು ದಿನದ ಬಳಿಕ ಅಂತರ ಅತಿ ಹೆಚ್ಚು, ಅಷ್ಟಮಿಗಳ ಬಳಿಕ ಅತಿ ಕಡಿಮೆ. ಇಲ್ಲೊಂದು ಇಕ್ಕಟ್ಟು ಇದೆ. ಬಂಡೆಯ ಮೂಲೆ ದಾಟಲು ನೀರು ಚೆನ್ನಾಗಿ ಇಳಿಯಬೇಕು, ಅದಕ್ಕೆ ಹುಣ್ಣಿಮೆ ಅಮಾವಾಸ್ಯೆ ಒಳ್ಳೆಯದು. ಆದರೆ ಅದೇ ರಾತ್ರಿ ಉಬ್ಬರ ಅಷ್ಟೇ ಮೇಲೆ ಬರುತ್ತದೆ, ಮಲಗಲು ಮರಳೇ ಉಳಿಯದಿರಬಹುದು. ದಾರಿಯಲ್ಲಿ ಮೂಲೆ ದಾಟುವ ಜಾಗ ಇದ್ದರೆ ಹುಣ್ಣಿಮೆ ಅಮಾವಾಸ್ಯೆ ಆರಿಸಿ, ಟೆಂಟ್ ಮಾತ್ರ ಮರಳು ಬಿಟ್ಟು ಮೇಲಿನ ಗಟ್ಟಿ ನೆಲದಲ್ಲಿ ಹಾಕಿ. ಮೂಲೆ ಇಲ್ಲದ, ಮೇಲಿನಿಂದ ಇಳಿಯುವ ಬೀಚಾದರೆ ಅಷ್ಟಮಿಯ ಆಸುಪಾಸು ನೆಮ್ಮದಿ. ಇನ್ನೊಂದು ಉಪಯೋಗದ ಸಂಗತಿ: ಒಂದು ಜಾಗದಲ್ಲಿ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಇಳಿತ ಹೆಚ್ಚು ಕಡಿಮೆ ಯಾವಾಗಲೂ ದಿನದ ಒಂದೇ ಹೊತ್ತಿಗೆ ಬರುತ್ತದೆ. ಆ ಹೊತ್ತು ಮಧ್ಯಾಹ್ನವೋ ಮುಂಜಾವೋ ಎಂದು ತಿಳಿದರೆ ಆ ಬೀಚ್ ನಿಮ್ಮ ಯೋಜನೆಗೆ ಹೊಂದುತ್ತದೆಯೇ ಎಂದು ತಿಂಗಳುಗಳ ಮುಂಚೆಯೇ ಗೊತ್ತಾಗುತ್ತದೆ.

ಪಟ್ಟಿಯ ಎತ್ತರ ಶಾಂತ ಹವೆಗೆ ಹೇಳಿದ್ದು. ವಾಯುಭಾರ 1 ಹೆಕ್ಟೊಪಾಸ್ಕಲ್ ಕುಸಿದರೆ ನೀರು ಸುಮಾರು 1 ಸೆಂ.ಮೀ. ಮೇಲೇಳುತ್ತದೆ. 20 ಕುಸಿದರೆ ಒಂದು ಗೇಣು. ಅದರ ಜೊತೆ ದಡದ ಕಡೆ ಬಿರುಗಾಳಿ ಇದ್ದರೆ ಇನ್ನೂ ಹೆಚ್ಚು.

ಬಿಸಿಲುಗುದುರೆ:
ಅಳಿವೆ ಸರ್, ಉಬ್ಬರದ ಗೆರೆ ಕಣ್ಣಿಗೆ ಗೊತ್ತಾಗುವುದಿಲ್ಲವೇ? ಕಡಲಪಾಚಿ, ಕಡ್ಡಿ ಕಸ ಸಾಲಾಗಿ ಬಿದ್ದಿರುವ ಕಡೆಗಿಂತ ಮೇಲೆ ಹಾಕಿದರೆ ಸಾಕಲ್ಲ?

ಅಳಿವೆ:
ಸಾಲದು. ಹಸಿ ಕಸದ ಸಾಲು ನಿನ್ನೆಯ ಉಬ್ಬರದ್ದು. ಇನ್ನೂ ಮೇಲೆ ಒಣಗಿದ ಹಳೆಯ ಸಾಲು ಹುಡುಕಿ, ಅದು ದೊಡ್ಡ ಉಬ್ಬರದ್ದು. ಅದಕ್ಕಿಂತಲೂ ಮೇಲೆ ಇರಬೇಕು. ಒಣ ಸಾಲೇ ಕಾಣದೆ ಬಂಡೆಗೋಡೆಯ ಬುಡದವರೆಗೂ ಮರಳು ಒದ್ದೆಯಿದ್ದರೆ ಅಲ್ಲಿ ಮಲಗುವ ಜಾಗವೇ ಇಲ್ಲ ಎಂದರ್ಥ. ಅಳಿವೆಯ ಬಾಯಿಯಲ್ಲಿ ಒಣಗಿದ ಹೊಳೆಪಾತ್ರ ಮೆತ್ತಗೆ ಸಮತಟ್ಟಾಗಿ ಕಂಡರೂ ಬೇಡ. ಒಳನಾಡಿನ ಮಳೆ ಹಿಂದಿನಿಂದ, ಉಬ್ಬರ ಮುಂದಿನಿಂದ ಬರುತ್ತದೆ. ಬಂಡೆಗೋಡೆಯ ನೆರಳೂ ಬೇಡ, ಕಲ್ಲು ಉದುರುತ್ತದೆ.

ಗೂಟ:
ಮರಳಿನಲ್ಲಿ ಟೆಂಟ್ ನಿಲ್ಲುತ್ತದೆ. ಬೆಟ್ಟದಲ್ಲಿ ಬಳಸುವ ತೆಳು ಗೂಟ ಮಾತ್ರ ನಿಲ್ಲುವುದಿಲ್ಲ. ಮರಳಿಗೆ ಹಿಡಿತ ಕೊಡುವುದು ಗೂಟದ ಉದ್ದವಲ್ಲ, ಅದರ ಮೇಲೆ ಕೂತ ಮರಳಿನ ಭಾರ. ಅದಕ್ಕೆ ಗೂಟವನ್ನು ನೆಟ್ಟಗೆ ಹೊಡೆಯದೆ ಅಡ್ಡಡ್ಡ ಹೂಳಬೇಕು.

ಕ್ರಮ ಹೀಗೆ. ಮೊಣಕೈವರೆಗೆ ಅಂದರೆ 30ರಿಂದ 40 ಸೆಂ.ಮೀ. ಆಳದ ಗುಂಡಿ ತೋಡಿ. ಟೆಂಟಿನ ಹಗ್ಗವನ್ನು ಗೂಟದ ನಡುವಿಗೆ ಕಟ್ಟಿ, ಗೂಟ ಹಗ್ಗಕ್ಕೆ ಅಡ್ಡಲಾಗಿರುವಂತೆ ತಳದಲ್ಲಿ ಮಲಗಿಸಿ. ಹಗ್ಗ ಹೊರಬರುವ ಕಡೆ ಮರಳಿಗೆ ಸಣ್ಣ ಸೀಳು ಮಾಡಿ, ಇಲ್ಲದಿದ್ದರೆ ಹಗ್ಗ ಮೇಲಕ್ಕೆಳೆದು ಗೂಟವನ್ನೇ ಎಬ್ಬಿಸುತ್ತದೆ. ಮುಚ್ಚಿ, ಕಾಲಿನಿಂದ ತುಳಿದು, ನೀರು ಚಿಮುಕಿಸಿ. ಒದ್ದೆ ಮರಳು ಒಣ ಮರಳಿಗಿಂತ ಎಷ್ಟೋ ಗಟ್ಟಿ. ಗೂಟದ ಬದಲು ಮರಳು ತುಂಬಿದ ಬಟ್ಟೆಚೀಲ ಹೂತರೂ ನಡೆಯುತ್ತದೆ. ಹಗ್ಗಗಳು ಗಿಡ್ಡ ಇದ್ದರೆ ಒಂದೊಂದಕ್ಕೂ ಒಂದು ಮೀಟರ್ ಹೆಚ್ಚುವರಿ ಹಗ್ಗ ಮನೆಯಲ್ಲೇ ಕಟ್ಟಿಕೊಂಡು ಹೋಗಿ.

ಬಾಗಿಲು ಯಾವ ಕಡೆ? ಹಗಲು ಕಡಲಿನಿಂದ ನೆಲದ ಕಡೆಗೆ ಗಾಳಿ, ರಾತ್ರಿ ನೆಲದಿಂದ ಕಡಲಿನ ಕಡೆಗೆ. ಸಂಜೆ ಆರಕ್ಕೆ ಬೀಸುವ ಗಾಳಿ ನೋಡಿ ಬಾಗಿಲು ತಿರುಗಿಸಿದರೆ ನಡುರಾತ್ರಿಗೆ ಮರಳು ಒಳಗೆ. ಹವಾ ಮುನ್ಸೂಚನೆ ಶಾಂತವಾಗಿದ್ದರೆ ಕಿರಿದಾದ ತಲೆಭಾಗ ನೆಲದ ಕಡೆಗೂ ಬಾಗಿಲು ಪಕ್ಕಕ್ಕೂ ಇರಲಿ. ಮರಳದಿಬ್ಬದ ಮೇಲೆ ಹಾಕಬೇಡಿ. ದಿಬ್ಬವನ್ನು ಹಿಡಿದಿಟ್ಟಿರುವುದೇ ಅಲ್ಲಿನ ಬಳ್ಳಿ, ಹುಲ್ಲು. ತುಳಿದು ಸತ್ತರೆ ದಿಬ್ಬವೇ ಹಾರಿಹೋಗುತ್ತದೆ. ಎಷ್ಟೋ ಕಡೆ ಅದು ಕಾನೂನಿನಲ್ಲೂ ನಿಷಿದ್ಧ. ಬೀಚ್ ಮೇಲೆ ತಂಗಲು ಅನುಮತಿ ಬೇಕೇ ಎಂಬುದನ್ನೂ ಹೊರಡುವ ಮುನ್ನ ನೋಡಿ.

ತಕ್ಕಡಿ:
ಭಾರದ ಪ್ರಶ್ನೆಗೆ ಯಾರೂ ಬರಲಿಲ್ಲ. ಮೈತೂಕದ ಐದನೇ ಒಂದು ಭಾಗವನ್ನು ಮೇಲ್ಮಿತಿ ಎಂದಿಟ್ಟುಕೊಳ್ಳಿ. 74ಕ್ಕೆ 14.8, 56ಕ್ಕೆ 11.2, ಇಬ್ಬರದೂ ಸೇರಿ 26 ಕೆ.ಜಿ. ಈಗ ಒಂದು ರಾತ್ರಿಯ ಸಾಮಾನು ಕೂಡಿಸಿ. ಎರಡು ಬ್ಯಾಗಿನ ಸ್ವಂತ ತೂಕ 3.2, ಟೆಂಟ್ 2.2, ಎರಡು ಸ್ಲೀಪಿಂಗ್ ಬ್ಯಾಗು 2, ಎರಡು ಮ್ಯಾಟು 1, ಒಲೆ ಗ್ಯಾಸು ಪಾತ್ರೆ 0.9, ಊಟ 1.2, ಬಟ್ಟೆ 3, ಔಷಧಿ 0.4, ಫಿಲ್ಟರು ಹೆಡ್‌ಲ್ಯಾಂಪು ಪವರ್ ಬ್ಯಾಂಕು 0.9. ಒಟ್ಟು 14.8 ಕೆ.ಜಿ. ಹಗುರ ಎನಿಸುತ್ತದೆ. ಆಮೇಲೆ ನೀರು.

ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ ನಡಿಗೆ ಎನ್ನಿ. ಗಂಟೆಗೆ ಅರ್ಧ ಲೀಟರ್‌ನಂತೆ ಒಬ್ಬರಿಗೆ 3, ರಾತ್ರಿ ಕುಡಿಯಲು 1, ಅಡುಗೆ ಚಹಾಕ್ಕೆ 1. ತಲೆಗೆ 5 ಲೀಟರ್, ಇಬ್ಬರಿಗೆ 10. ಈಗ 24.8 ಕೆ.ಜಿ. ಮಿತಿ ಮುಟ್ಟಿತು. ಬಿಸಿಲು ಜೋರಿದ್ದರೆ ಗಂಟೆಗೆ ಒಂದು ಲೀಟರ್ ಬೇಕಾಗಬಹುದು, ಆಗ ಮಿತಿ ದಾಟಿತು. ಆದ್ದರಿಂದ ಸಿಹಿನೀರಿನ ತೊರೆ ಇರುವ ಬೀಚನ್ನೇ ಆರಿಸಿ, 4 ಲೀಟರ್ ಹೊತ್ತು ಹೊರಡಿ.

ತೊರೆಯ ನೀರಿನಲ್ಲಿ ಒಂದು ಮೋಸವಿದೆ. ಕಡಲು ಸೇರುವ ಕಡೆ ಉಬ್ಬರದ ಹೊತ್ತಿಗೆ ಅದು ಉಪ್ಪಾಗುತ್ತದೆ. ಚಾರಣದ ಫಿಲ್ಟರು ಕ್ರಿಮಿ ತೆಗೆಯುತ್ತದೆ, ಉಪ್ಪು ತೆಗೆಯುವುದಿಲ್ಲ. ಕುದಿಸಿದರೂ ಉಪ್ಪು ಹೋಗದು, ನೀರು ಆವಿಯಾಗಿ ಇನ್ನೂ ಗಾಢವಾಗುತ್ತದೆ. ಇಳಿತದ ಹೊತ್ತಿಗೆ, ತೊರೆಯ ಗುಂಟ ಮೇಲಕ್ಕೆ ನಡೆದು, ನಾಲಿಗೆಗೆ ಹಚ್ಚಿ ನೋಡಿ ತುಂಬಿಸಿ.

ಹಂಚಿಕೆ 57ಕ್ಕೆ 43ರ ಪ್ರಮಾಣದಲ್ಲಿ. ನೀರು, ಊಟ ಖಾಲಿಯಾಗುವ ಸಾಮಾನು. ಅದನ್ನು ಹಗುರ ಮೈಯವರ ಬೆನ್ನಿಗೆ ಕೊಟ್ಟರೆ ದಿನ ಕಳೆದಂತೆ ಅವರ ಹೊರೆಯೇ ಇಳಿಯುತ್ತದೆ. ಭಾರದ್ದು ಬೆನ್ನೆಲುಬಿಗೆ ಒತ್ತಿ, ಎರಡು ಹೆಗಲೆಲುಬಿನ ನಡುವೆ ಬರುವಂತೆ ತುಂಬಿ. ಸೊಂಟದ ಪಟ್ಟಿ ಮೊದಲು ಬಿಗಿ, ಹೆಗಲಿನದು ಆಮೇಲೆ. ಟೆಂಟಿನ ಬಟ್ಟೆ ಒಬ್ಬರಿಗೆ, ಕಂಬಿ ಇನ್ನೊಬ್ಬರಿಗೆ, ಒಲೆ ಒಬ್ಬರಿಗೆ, ಗ್ಯಾಸು ಇನ್ನೊಬ್ಬರಿಗೆ ಎಂದು ಹಂಚಿದರೆ ಪ್ರಮಾಣ ಸರಿಯಾಗಿ ಕೂರುತ್ತದೆ.

ಗೂಟ:
ತಕ್ಕಡಿ, ಕೊನೆಯ ಮಾತು ಒಪ್ಪುವುದಿಲ್ಲ. ಮಂಜಿನಲ್ಲೋ ಉಬ್ಬರದಲ್ಲೋ ಇಬ್ಬರೂ ಬೇರೆಯಾದರೆ ಒಬ್ಬರ ಬಳಿ ಬಟ್ಟೆ, ಇನ್ನೊಬ್ಬರ ಬಳಿ ಕಂಬಿ. ಎರಡೂ ನಿಷ್ಪ್ರಯೋಜಕ. ಟೆಂಟ್ ಪೂರ್ತಿ ಒಬ್ಬರ ಬಳಿ, ಅಡುಗೆ ಪೂರ್ತಿ ಇನ್ನೊಬ್ಬರ ಬಳಿ ಇರಲಿ. ಟೆಂಟ್ ಇಲ್ಲದವರ ಬ್ಯಾಗಿನಲ್ಲಿ 100 ಗ್ರಾಂ ತೂಕದ ತುರ್ತು ಹೊದಿಕೆಚೀಲ ಹಾಕಿ. ಹೆಡ್‌ಲ್ಯಾಂಪು, ಸಿಳ್ಳೆ, ಲೈಟರ್, ಒಂದು ಲೀಟರ್ ನೀರು, ಮಳೆಯಂಗಿ ಇಬ್ಬರ ಬಳಿಯೂ ಬೇರೆ ಬೇರೆ ಇರಬೇಕು. ಗಂಡ ಹೆಂಡತಿ ಎಂದ ಮಾತ್ರಕ್ಕೆ ಒಂದೇ ಟಾರ್ಚು ಸಾಕು ಎನ್ನುವ ಉಳಿತಾಯ ಬೇಡ.

ತಕ್ಕಡಿ:
ಒಪ್ಪಿದೆ, ತುರ್ತು ಹೊದಿಕೆ ಸೇರಿಸಿದರೆ ನಿಮ್ಮ ಕ್ರಮವೇ ಸರಿ. ಆಗ ನೀರಿನಿಂದ ತೂಕ ಸರಿದೂಗಿಸಬೇಕು, ಅಷ್ಟೇ. ಬಾಡಿಗೆ ಕಾರಿಗೆ ಎರಡು ಕೀ ಕೊಟ್ಟರೆ ಇಬ್ಬರೂ ಒಂದೊಂದು ಇಟ್ಟುಕೊಳ್ಳಿ. ರಿಮೋಟ್ ಕೀ ಕಡಲನೀರಿಗೆ ಬಿದ್ದರೆ ಮುಗಿಯಿತು. ಜಿಪ್ ಕವರಿನಲ್ಲಿ ಹಾಕಿ ಬ್ಯಾಗಿನ ಒಳಜೇಬಿಗೆ ಕ್ಲಿಪ್ ಮಾಡಿ. ಎರಡು ಫೋನು, ಎರಡು ಪಾಸ್‌ಪೋರ್ಟು ಒಂದೇ ಚೀಲದಲ್ಲಿ ಬೇಡ.

ಬತ್ತಿ:
ಒಲೆಯ ಬಗ್ಗೆ. ಗಾಳಿ ಇಲ್ಲದ ಕಡೆ 1 ಲೀಟರ್ ಕುದಿಸಲು ಸುಮಾರು 12 ಗ್ರಾಂ ಗ್ಯಾಸು. ಕಡಲಗಾಳಿಗೆ ಅದು ಎರಡರಷ್ಟು, ಮೂರರಷ್ಟು ಆಗುತ್ತದೆ. ಇಬ್ಬರಿಗೆ ದಿನಕ್ಕೆ ಎರಡೂವರೆ ಲೀಟರ್ ಕುದಿಸಿದರೆ, ಮರೆ ಇದ್ದರೆ 30ರಿಂದ 40 ಗ್ರಾಂ. 230 ಗ್ರಾಂ ಡಬ್ಬಿ ಐದಾರು ದಿನ ಬರುತ್ತದೆ. ಡಬ್ಬಿಯ ತಲೆಯ ಮೇಲೆಯೇ ಕೂರುವ ಒಲೆಗೆ ಸುತ್ತಲೂ ಪೂರ್ತಿ ತಗಡಿನ ಮರೆ ಕಟ್ಟಬೇಡಿ. ಶಾಖ ಡಬ್ಬಿಗೆ ತಿರುಗಿ ಸಿಡಿಯಬಹುದು. ಮೂರು ಕಡೆ ಮರೆ, ಒಂದು ಕಡೆ ತೆರೆದಿರಲಿ, ಡಬ್ಬಿ ಮುಟ್ಟಿ ನೋಡುತ್ತಿರಿ. ಬಿಸಿಲಿಗೆ ನಿಂತ ಕಾರಿನೊಳಗೆ ಡಬ್ಬಿ ಬಿಡಬೇಡಿ, 50 ಡಿಗ್ರಿ ಸೆಲ್ಸಿಯಸ್ ಮೇಲೆ ಅಪಾಯ. ಟೆಂಟಿನೊಳಗೆ ಅಡುಗೆ ಬೇಡವೇ ಬೇಡ: ಬೆಂಕಿಗಿಂತ ಮೊದಲು ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್. ವಿಮಾನದಲ್ಲಿ ಗ್ಯಾಸು ಒಯ್ಯುವಂತಿಲ್ಲ, ತಲುಪಿದ ಮೇಲೆ ಕೊಳ್ಳಿ. ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು. ಸಾಮಾನ್ಯ ಮಿತಿ 100 ವ್ಯಾಟ್ ಅವರ್, ಅಂದರೆ ಸುಮಾರು 27,000 ಎಂಎಎಚ್.

ಅಳಿವೆ:
ಈಜಿನ ಮಾತು ಬಾಕಿ. ಅಲೆಗಳು ಒಡೆಯುತ್ತಿರುವ ಸಾಲಿನ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೀರು ಕಪ್ಪಗೆ, ಶಾಂತವಾಗಿ ಕಂಡರೆ ಅಲ್ಲಿ ಇಳಿಯಬೇಡಿ. ದಡಕ್ಕೆ ಬಂದ ನೀರು ವಾಪಸ್ ಹೋಗುವ ಸೆಳವು ಅದು, ಸೆಕೆಂಡಿಗೆ 2 ಮೀಟರ್ ದಾಟುವುದುಂಟು. ಪಳಗಿದ ಈಜುಗಾರರೂ ಅದರ ಎದುರು ಈಜಲಾರರು. ಸೆಳವು ನಿಮ್ಮನ್ನು ಹೊರಗೆ ಒಯ್ಯುತ್ತದೆ, ಕೆಳಗೆ ಎಳೆಯುವುದಿಲ್ಲ. ತೇಲುತ್ತಾ ಉಸಿರು ಕಾದು, ದಡಕ್ಕೆ ಸಮಾನಾಂತರವಾಗಿ ಈಜಿ ಅಲೆ ಒಡೆಯುವ ಕಡೆ ಬನ್ನಿ. ಇಬ್ಬರೇ ಇದ್ದಾಗ ನೀರಿಗೆ ಒಬ್ಬರು, ದಡದಲ್ಲಿ ಒಬ್ಬರು. ದಡದಲ್ಲಿರುವವರು ಹಿಂದೆ ಹಾರಬಾರದು. ತೇಲುವ ವಸ್ತು ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು, ಗಾಳಿ ತುಂಬಿದ ಮ್ಯಾಟು ಯಾವುದಾದರೂ ಸರಿ. ಬಂಡೆಯ ಮೇಲೆ ಕೂರುವ ಮುನ್ನ ಹತ್ತು ಹದಿನೈದು ನಿಮಿಷ ದೂರದಿಂದ ನೋಡಿ. ಒದ್ದೆಯಾಗಿರುವ ಬಂಡೆಗೆ ಅಲೆ ಬರುತ್ತದೆ, ಎಷ್ಟು ಹೊತ್ತಿಗೊಮ್ಮೆ ಎಂಬುದಷ್ಟೇ ಪ್ರಶ್ನೆ. ನೀರಿನ ವಿಷಯದಲ್ಲಿ ಇಬ್ಬರಲ್ಲಿ ಒಬ್ಬರು ಬೇಡ ಎಂದರೆ ಅದೇ ಕೊನೆಯ ಮಾತಾಗಿರಲಿ, ಚರ್ಚೆ ಕಾರಿಗೆ ಮರಳಿದ ಮೇಲೆ.

ಮುಲಾಮು:
ಜೆಲ್ಲಿಮೀನು ಕುಟುಕಿದರೆ ಮೂತ್ರ ಸುರಿಯುವ ಸಲಹೆ ಇನ್ನೂ ಓಡಾಡುತ್ತಿದೆ, ಅದರಿಂದ ಉಪಯೋಗವಿಲ್ಲ. ನೀಲಿ ಬಣ್ಣದ ಗಾಳಿಚೀಲ ಹೊತ್ತು ತೇಲುವ ಬ್ಲೂಬಾಟಲ್ ಆದರೆ ಎಳೆಗಳನ್ನು ತೆಗೆದು, ಕಡಲನೀರಲ್ಲಿ ತೊಳೆದು, 45 ಡಿಗ್ರಿಯ ಬಿಸಿನೀರಲ್ಲಿ 20 ನಿಮಿಷ. ಅದಕ್ಕೆ ವಿನಿಗರ್ ಬೇಡ. ಉಷ್ಣವಲಯದ ಬಾಕ್ಸ್ ಜೆಲ್ಲಿಮೀನಿಗೆ ಮಾತ್ರ ವಿನಿಗರ್, ಮತ್ತು ತಕ್ಷಣ ಆಂಬುಲೆನ್ಸ್. ಹೋಗುವ ಕಡೆ ಯಾವುದು ಇದೆ ಎಂದು ಮೊದಲೇ ತಿಳಿದುಕೊಳ್ಳಿ.

ಸನ್‌ಸ್ಕ್ರೀನ್ ಒಬ್ಬರ ಮೈಗೆಲ್ಲ ಸರಿಯಾಗಿ ಹಚ್ಚಲು ಸುಮಾರು 30 ಮಿ.ಲೀ. ಬೇಕು. 200 ಮಿ.ಲೀ. ಬಾಟಲಿ ಏಳು ಸಲಕ್ಕೂ ಬರುವುದಿಲ್ಲ. ಉದ್ದ ತೋಳಿನ ಅಂಗಿಯೇ ಅಗ್ಗ. ಒಣ ಮರಳು ಅತಿನೇರಳೆ ಕಿರಣದ ಸುಮಾರು 15 ಶೇಕಡಾ, ಕಡಲ ನೊರೆ 25 ಶೇಕಡಾ ವಾಪಸ್ ಎಸೆಯುವುದರಿಂದ ಟೋಪಿಯ ಅಡಿಯಲ್ಲೂ ಗದ್ದ, ಮೂಗಿನ ಕೆಳಗೆ ಸುಡುತ್ತದೆ.

ಅಲೆಮಾರಿಜೋಡಿ:
ಎಲ್ಲರಿಗೂ ವಂದನೆ. ಬದಲಾದ ಯೋಜನೆ: ಉತ್ತರದ ತುದಿ ಕೈಬಿಟ್ಟು 1,000 ಕಿ.ಮೀ. ಮೊದಲ ಬೀಚಿಗೆ ಎರಡು ಬಂಡೆಯ ಮೂಲೆ ದಾಟಬೇಕು, ಅದನ್ನು ಹುಣ್ಣಿಮೆಯ ಮಾರನೆಯ ದಿನಕ್ಕೆ ಸರಿಸಿದೆವು. ಇಳಿತ 11:10ಕ್ಕೆ, ಟೆಂಟ್ ಮೇಲಿನ ಹುಲ್ಲುನೆಲದಲ್ಲಿ. ಎರಡನೆಯದಕ್ಕೆ ಮೇಲಿನಿಂದ ಮೆಟ್ಟಿಲಿದೆ, ಅದು ಅಷ್ಟಮಿಯ ಹೊತ್ತಿಗೆ ಬೀಳುತ್ತದೆ. ಕೊನೆಯ ಪ್ರಶ್ನೆ: ಎರಡು ಸ್ಲೀಪಿಂಗ್ ಬ್ಯಾಗಿನ ಬದಲು ಜೋಡಿ ಕ್ವಿಲ್ಟ್ (ಇಬ್ಬರೂ ಒಟ್ಟಿಗೆ ಹೊದೆಯುವ ದಪ್ಪ ಹೊದಿಕೆ) ತೆಗೆದುಕೊಂಡರೆ 600 ಗ್ರಾಂ ಉಳಿಯುತ್ತದೆ. ಕಡಲ ತೇವಕ್ಕೆ ಹಕ್ಕಿಪುಕ್ಕ ತುಂಬಿದ್ದು ನಡೆಯುತ್ತದೆಯೇ? ಟೆಂಟಿನ ಜಿಪ್ಪು ಉಪ್ಪಿಗೆ ಕೆಡುತ್ತದೆ ಎನ್ನುತ್ತಾರೆ, ಏನು ಮಾಡಬೇಕು?

ಗೂಟ:
ಕ್ವಿಲ್ಟ್ ತೆಗೆದುಕೊಳ್ಳಿ, ಆದರೆ ಪುಕ್ಕದ್ದು ಬೇಡ, ಸಿಂಥೆಟಿಕ್. ಪುಕ್ಕ ತೇವ ಹೀರಿ ಮುದ್ದೆಯಾದರೆ ಕಡಲಂಚಿನಲ್ಲಿ ಒಣಗಿಸುವುದು ಕಷ್ಟ. ಉಳಿತಾಯ 600ರಿಂದ 300 ಗ್ರಾಂಗೆ ಇಳಿಯಬಹುದು, ಇಳಿಯಲಿ. ಇಬ್ಬರಲ್ಲಿ ಒಬ್ಬರು ಹೊರಳಾಡುವವರಾದರೆ ಎರಡು ಬೇರೆ ಚೀಲಗಳೇ ವಾಸಿ.

ಇಲ್ಲೇ ಇನ್ನೊಂದು ಮಾತು. ಕಡಲನೀರಲ್ಲಿ ನೆನೆದು ಒಣಗಿದ ಬಟ್ಟೆ ಹೊದ್ದು ಮಲಗಬೇಡಿ. ಗಾಳಿಯ ತೇವಾಂಶ 75 ಶೇಕಡಾ ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತದೆ. ಹಗಲು ಗರಿಗರಿಯಾಗಿದ್ದ ಅಂಗಿ ರಾತ್ರಿ ಮತ್ತೆ ಒದ್ದೆ. ಮಲಗಲು ಒಂದು ಜೊತೆ ಬಟ್ಟೆ ಬೇರೆಯೇ ಇಟ್ಟು, ಕಾಲಿನ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಳಗೆ ಹೋಗಿ.

ಜಿಪ್ಪಿಗೆ ಎರಡು ಶತ್ರು: ಮರಳು ಹಲ್ಲು ಸವೆಸುತ್ತದೆ, ಉಪ್ಪು ಲೋಹದ ಜಾರುಕವನ್ನು ತಿನ್ನುತ್ತದೆ. ಬಿಗಿಯಾದಾಗ ಎಳೆದಾಡಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮರಳು ಉದುರಿಸಿ, ಒಂದು ಲೋಟ ಸಿಹಿನೀರು ಹರಿಸಿ, ಒಣಗಿದ ಮೇಲೆ ಮೇಣ ಉಜ್ಜಿ. ಎಣ್ಣೆ ಹಾಕಬೇಡಿ, ಮರಳು ಅಂಟಿ ಮತ್ತೂ ಬಿಗಿಯಾಗುತ್ತದೆ. ಅಲ್ಯುಮಿನಿಯಂ ಕಂಬಿಗಳ ಕೂಡುಗಳನ್ನು ಪ್ರತಿ ಬೀಚ್ ರಾತ್ರಿಯ ಮಾರನೆಯ ದಿನ ಬಿಡಿಸಿ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ ಮಡಚಿ. ಇಲ್ಲದಿದ್ದರೆ ಬಿಳಿ ಪುಡಿ ಕಟ್ಟಿ ಒಂದರೊಳಗೊಂದು ಕಚ್ಚಿಕೊಳ್ಳುತ್ತವೆ, ಕೀಳಲು ಹೋದರೆ ಕಂಬಿಯ ಅಂಚು ಸೀಳುತ್ತದೆ.

ಸ್ಟೆಪ್ನಿ:
ಕಾರಿನ ಡಿಕ್ಕಿಯಲ್ಲಿ 10 ಲೀಟರ್ ಸಿಹಿನೀರಿನ ಕ್ಯಾನು ಖಾಯಂ ಇಡಿ, ಗಾಜಿಗೂ ಜಿಪ್ಪಿಗೂ ಕಾಲಿಗೂ ಅದೇ. ಒಪ್ಪಿಸುವ ಹಿಂದಿನ ದಿನ ಕಾರಿನ ತಳಕ್ಕೆ ನೀರು ಹೊಡೆಸಿ.